ಹಾಜರಿಯೂ ಕಾಫಿ ಪಂದ್ಯವೂ

“ನಿಮಗಿಂತ ಮೊದಲು ನಾನು ಕನ್ನಡ ಬರೆಯದಿದ್ರೆ ನನ್ನ ಹೆಸರು ಕಾಳಿಯಮ್ಮ ಅಲ್ಲ!” ಎಂದು ಗಂಡನಿಗೆ ಸವಾಲು ಹಾಕಿದೆ.

ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಓದಲು ಬರುವುದಿಲ್ಲ. ತಮಿಳುನಾಡಿನ ಈ ಅನ್ನೂರಿನಲ್ಲಿ ಅದನ್ನು ಕಲಿಸುವವರು ಯಾರು? ಮೈಸೂರಿನ ಮೇಷ್ಟ್ರೊಬ್ಬರು ಫೋನಿನಲ್ಲೇ ಕಲಿಸುತ್ತಾರೆಂದು ಕೇಳಿ ನಮ್ಮ ಮನೆಯವರು ತಮ್ಮೊಬ್ಬರ ಹೆಸರು ಕೊಟ್ಟು ಸೇರಿದರು. ಫೋನು ಒಂದು, ವಿದ್ಯಾರ್ಥಿಗಳು ಇಬ್ಬರು!

“ಟೀವಿ ರಿಮೋಟನ್ನೇ ತಲೆಕೆಳಗೆ ಹಿಡೀತೀಯ ನೀನು. ಸೋತವರು ದಿನಾ ಬೆಳಿಗ್ಗೆ ಕಾಫಿ ಹಾಕ್ಬೇಕು, ಸರಿಯಾ?”

“ಸರಿ. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಈಗಲೇ ನೋಡ್ಕೊಳ್ಳಿ!”

ನಗುತ್ತಾ ಮಗ್ಗಕ್ಕೆ ಕೂತರು. ಮರುದಿನ ಎದೆ ಹಿಡಿದುಕೊಂಡು ಬಿದ್ದರು. ಅಷ್ಟೇ.

ಕಾರ್ಯ ಮುಗಿಯಿತು. ರೇಷನ್ ಕಾರ್ಡಿನಿಂದ ಇವರ ಹೆಸರು ತೆಗೆದರು. ಒಂದು ಬೆಳಿಗ್ಗೆ ಇವರ ಫೋನು ಕೂಗಿತು. ಕ್ಲಾಸು! ಹಸಿರು ಗುಂಡಿ ಒತ್ತಿದೆ. ಮೇಷ್ಟ್ರು ಹಾಜರಿ ಕರೆಯುತ್ತಿದ್ದರು.

“ರಂಗಸಾಮಿ?”

ಇದ್ದಾರೆ ಅಂದರೆ ಸುಳ್ಳು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

“ರಂಗಸಾಮಿಯವರು ಒಂದು ಕ್ಲಾಸಿಗೂ ಬಂದಿಲ್ಲ. ಹೆಸರು ತೆಗೆದುಬಿಡ್ತೀನಿ.”

ಇಲ್ಲೂ ತೆಗೆಯುವುದೇ! “ತೆಗೀಬೇಡಿ ಸಾರ್!” ಎಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಫೋನನ್ನು ಬಾಯಿಗೇ ಹಿಡಿದು ಕೂಗಿದೆ. ತೆರೆಯ ತುಂಬ ನನ್ನ ಹಲ್ಲು! ಮೈಸೂರಿಗೆ ಕೇಳಿಸದ್ದು ಪಕ್ಕದ ಮನೆಯ ತಂಗಮಣಿಗೆ ಕೇಳಿಸಿತು. ದೋಸೆ ಸಟ್ಟುಗ ಹಿಡಿದು ಓಡಿ ಬಂದಳು.

“ಯಾರಕ್ಕಾ, ಕಳ್ಳನಾ?”

“ಮೇಷ್ಟ್ರು!”

“ಅಡಪಾವಿ! ಮನೆ ಒಳಗೇ ಬಂದ್ಬಿಟ್ಟನಾ?”

“ಫೋನ್ ಒಳಗೆ ಕಣೇ!”

ಹಿಟ್ಟಿನ ಕೈಯಲ್ಲೇ ಅವಳು ಅದನ್ನೂ ಇದನ್ನೂ ಒತ್ತಿದಳು. ನನ್ನ ಮುಖ ಹೋಗಿ ಮಗ್ಗದ ಮೇಲಿನ ಜೇಡರ ಬಲೆ ಬಂತು. ಆಮೇಲೆ ಗೆರೆ ಎಳೆದ ಮೈಕಿನ ಗುರುತು ಅವಳ ಬೆರಳಿಗೆ ಸಿಕ್ಕಿತು.

“ಈಗ ಕೇಳಿಸ್ತಿದೆ ಅಮ್ಮಾ. ಯಾರ ಫೋನಿಂದ ಬಂದಿದ್ದೀರಿ?”

ಗಂಡನ ಹೆಸರು ಹೇಳುವ ವಾಡಿಕೆ ನಮ್ಮಲ್ಲಿಲ್ಲ. ಕಾರಮಡೈಯ ರಂಗನಾಥ ಇವರ ಹೆಸರಿನ ಸಾಮಿ. ಅದನ್ನೂ ಬಾಯಿಬಿಟ್ಟು ಹೇಳುವಂತಿಲ್ಲ, ಕೋವಿಲನ್ನು ಸೂಚಿಸಿ ಸುಮ್ಮನಾಗಬೇಕು.

“ಮನೆಯವರದು ಸಾರ್. ಕಾರಮಡೈ ಕೋವಿಲಲ್ಲಿ ಇದ್ದಾರಲ್ಲ...”

“ಓ, ಯಜಮಾನರು ದೇವಸ್ಥಾನಕ್ಕೆ ಹೋಗಿದ್ದಾರಾ? ಯಾವಾಗ ಬರ್ತಾರೆ?”

ತಂಗಮಣಿ ಸಟ್ಟುಗವನ್ನು ಕೆಳಗಿಳಿಸಿದಳು.

“ರಂಗಸಾಮಿ,” ಎಂದೆ. ಮದುವೆಯಾದ ಮೇಲೆ ಅದೇ ಮೊದಲು. “ರಂಗಸಾಮಿ ಬರಲ್ಲ ಸಾರ್. ತೀರ್ಕೊಂಡ್ರು. ಹೆಸರು ಇರಲಿ. ನೀವು ಕೂಗಿ, ನಾನು ಓ ಅಂತೀನಿ.”

ಫೋನು ಮತ್ತೆ ಕೆಟ್ಟಿತೆಂದು ಎರಡು ತಟ್ಟಿದೆ.

“ಇರಲಿ ಅಮ್ಮಾ,” ಎಂದರು.

ಅಲ್ಲಿಂದ ದಿನಾ ಓ ಅಂದೆ. ಅ ಆ ಬರೆದೆ, ಒತ್ತಕ್ಷರ ಬರೆದೆ, ಪರೀಕ್ಷೆಯನ್ನೂ ಬರೆದೆ. ಪಂದ್ಯ ಗೆದ್ದೆನೆಂದು ತಂಗಮಣಿಯನ್ನು ಕರೆದು ಕೂರಿಸಿಕೊಂಡೆ. ಮೇಷ್ಟ್ರು ಫಲಿತಾಂಶ ಓದಿದರು.

“ರಂಗಸಾಮಿ, ಪಾಸು!”

ತಂಗಮಣಿ ಬಿದ್ದು ಬಿದ್ದು ನಕ್ಕಳು. “ಅಕ್ಕಾ, ಮಾಮ ಗೆದ್ದುಬಿಟ್ರು! ನಿನ್ನ ಹೆಸರೇ ಇಲ್ಲ!”

ಪಂದ್ಯ ಪಂದ್ಯವೇ. ದಿನಾ ಬೆಳಿಗ್ಗೆ ಕಾಫಿ ಹಾಕಿ ಮಗ್ಗದ ಪಕ್ಕ ಒಂದು ಲೋಟ ಇಡುತ್ತೇನೆ. ಇವರಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಬೇಕು.