ವೈರಸ್ಸು ಅಂಟಿಸಿದ ಚೀಟಿ

ನನ್ನ ಕೆಲಸವೇನೆಂದು ಯಾರಿಗಾದರೂ ವಿವರಿಸಲು ಹೊರಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಇಲ್ಲಿಯೂ ಆಗಬಾರದೆಂದು ಮೊದಲೇ ಬಿಡಿಸಿ ಹೇಳುತ್ತೇನೆ. ನಮ್ಮ ಜೀವಕೋಶಗಳಲ್ಲಿ ಪ್ರೋಟೀನುಗಳಿರುತ್ತವೆ. (ಬೇಳೆಯಲ್ಲೂ ಇರುತ್ತವೆ, ಆದರೆ ಈಗ ಬೇಳೆಯ ಮಾತು ಬೇಡ.) ಕೆಟ್ಟುಹೋದ ಪ್ರೋಟೀನಿಗೆ ಜೀವಕೋಶ ‘ಇದು ಕಸ’ ಎಂದು ಒಂದು ಚೀಟಿ ಅಂಟಿಸುತ್ತದೆ. ಚೀಟಿ ಇದ್ದದ್ದನ್ನು ಒಂದು ಯಂತ್ರ ಪುಡಿ ಮಾಡುತ್ತದೆ. ಚೀಟಿ ಎಂದರೆ ಕಾಗದದ್ದಲ್ಲ, ಯಂತ್ರ ಎಂದರೆ ಕಬ್ಬಿಣದ್ದಲ್ಲ, ಎರಡೂ ಪ್ರೋಟೀನೇ. ಕೆಲವು ವೈರಸ್ಸುಗಳು ಒಳಗೆ ನುಗ್ಗಿ, ಕಾವಲು ಕಾಯುವ ಒಳ್ಳೆಯ ಪ್ರೋಟೀನುಗಳಿಗೇ ಆ ಚೀಟಿಯನ್ನು ಅಂಟಿಸಿಬಿಡುತ್ತವೆ. ಆಗ ಜೀವಕೋಶ ತನ್ನ ಕಾವಲುಗಾರರನ್ನು ತಾನೇ ಪುಡಿ ಮಾಡಿಕೊಳ್ಳುತ್ತದೆ. ನ್ಯೂಜೆರ್ಸಿಯ ಲ್ಯಾಬೊಂದರಲ್ಲಿ ನನ್ನ ಸಂಶೋಧನೆ ಇದರ ಮೇಲೆಯೇ. ಇದು ಒಬ್ಬರಿಗಾದರೂ ಅರ್ಥವಾಗಬೇಕು, ಅದರಲ್ಲೂ ನಮ್ಮತ್ತೆಗೆ ಅರ್ಥವಾಗಬೇಕು ಎಂಬುದು ನನ್ನ ಆಸೆಯಾಗಿತ್ತು.

ಎದುರು ಮನೆಯವರು

ನಾವಿರುವ ಪಾರ್ಸಿಪನಿ ಊರಿನಲ್ಲಿ ನಮ್ಮ ಎದುರು ಮನೆಯವರು ಬೆಂಗಳೂರಿನ ಸಾಫ್ಟ್‌ವೇರ್ ಕನ್ಸಲ್ಟೆಂಟ್. (ಇಲ್ಲಿ ಯಾರನ್ನು ಕೇಳಿದರೂ ಸಾಫ್ಟ್‌ವೇರೇ.) ನನ್ನದು ವೈರಸ್ ಮೇಲಿನ ಕೆಲಸವೆಂದು ಕೇಳಿ ಮರುದಿನವೇ ಕಂಪ್ಯೂಟರ್ ಹೊತ್ತುಕೊಂಡು ಬಂದರು. ಆ ವೈರಸ್ ಅಲ್ಲವೆಂದು ಕೂರಿಸಿ, ಕಾಫಿ ಕೊಟ್ಟು, ಎಲ್ಲ ವಿವರಿಸಿದೆ.

“ನಮ್ಮ ಪ್ರಾಜೆಕ್ಟಲ್ಲೂ ಇದೇ ಮೇಡಂ,” ಎಂದರು. “ಹೊಸ ಮ್ಯಾನೇಜರ್ ಬಂದ. ಕೆಲಸ ಗೊತ್ತಿರೋರನ್ನೆಲ್ಲ ಹುಡುಕಿ ಹುಡುಕಿ ಚೀಟಿ ಕೊಟ್ಟು ಕಳಿಸಿದ.”

“ಅಯ್ಯೋ, ನಿಮ್ಮನ್ನ?”

“ನನ್ನನ್ನ ಪರ್ಮನೆಂಟ್ ಮಾಡಿದಾನೆ.”

ಅತ್ತೆಯ ಫೋನು

ಮೈಸೂರಿನಿಂದ ಬಂದಿದ್ದ ಅತ್ತೆಗೆ ಸುಲಭವಾಗಲೆಂದು ಜೀವಕೋಶ, ಪ್ರೋಟೀನು ಎಲ್ಲ ಬಿಟ್ಟು ಬರೀ ಕಸದ ವಿಷಯ ಹೇಳಿದೆ. ಅವರು ತಂಗಿಗೆ ಫೋನಿನಲ್ಲಿ ಹೇಳಿದ್ದು ಹೀಗೆ: “ಸೊಸೆಗೆ ಕಸದ ಡಿಪಾರ್ಟ್‌ಮೆಂಟಲ್ಲಿ ಕೆಲಸ ಕಣೇ. ಹಗುರಾಗಿ ಮಾತಾಡ್ಬೇಡ, ಇಲ್ಲಿ ಅದಕ್ಕೂ ಪಿಎಚ್‌ಡಿ ಆಗಿರ್ಬೇಕಂತೆ.”

ಯುಗಾದಿ ಊಟ

ಕನ್ನಡ ಕೂಟದ ಯುಗಾದಿಗೆ, ಒಂದು ಶಾಲೆಯ ಹಾಲಿನಲ್ಲಿ, ಊಟಕ್ಕೆ ಮುಂಚೆ ನನ್ನ ಭಾಷಣ. “ಎಲ್ಲ ಹಸಿದಿರ್ತಾರೆ, ಬೇಗ ಅರ್ಥ ಮಾಡಿಸಿ,” ಎಂದಿದ್ದರು ಕಾರ್ಯದರ್ಶಿ. ಹಾಗಾಗಿ ಹಳದಿ ಚೀಟಿಗಳ ಮೇಲೆ ‘ಕಸ’ ಎಂದು ಬರೆದು ತಂದು ನಾಟಕ ಆಡಿಸಿದೆ. ಖಜಾಂಚಿ ಅಂಕಲ್ ವೈರಸ್, ನಮ್ಮತ್ತೆ ಕಾವಲುಗಾರ್ತಿ, ಆ ದಿನ ಹಾಲ್ ಕ್ಲೀನ್ ಮಾಡುವ ಹೊಣೆ ಹೊತ್ತಿದ್ದ ಧಾರವಾಡದವರೊಬ್ಬರು ಪುಡಿ ಮಾಡುವ ಯಂತ್ರ. ಅಂಕಲ್ ಅತ್ತೆಯ ಬೆನ್ನಿಗೆ ಚೀಟಿ ಅಂಟಿಸಿದರು.

“ಬರ್ರಿ ಅಕ್ಕಾರ, ನೀವು ಕಸ ಅಂತ,” ಎಂದು ಧಾರವಾಡದವರು ಮರ್ಯಾದೆಯಿಂದ ಅತ್ತೆಯನ್ನು ವೇದಿಕೆಯಿಂದ ಇಳಿಸಿದರು. ಚಪ್ಪಾಳೆಯೋ ಚಪ್ಪಾಳೆ.

“ನಾನ್ಯಾಕೆ ಕಸ?” ಎಂದು ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಅವರಿಗೆ ಅರ್ಥವಾಗಲಿಲ್ಲ, ಮುಗಿಯಿತು ಎಂದುಕೊಂಡೆ.

ಚಪ್ಪಾಳೆ ಕೇಳಿ ಅಂಕಲ್‌ಗೆ ಉತ್ಸಾಹ ಬಂದುಬಿಟ್ಟಿತು. ಉಳಿದ ಚೀಟಿಗಳನ್ನು ಕುರ್ಚಿಗೆ, ಮೈಕಿಗೆ ಅಂಟಿಸುತ್ತ ಅಡಿಗೆಮನೆಗೂ ಹೋಗಿ ಬಂದರು. ಊಟಕ್ಕೆ ಕುಳಿತಾಗ ಹಪ್ಪಳ, ಉಪ್ಪಿನಕಾಯಿ ಬಂದವು. ಬಿಸಿಬೇಳೆ ಬಾತಿನ ಟ್ರೇಗಳು ಬರಲಿಲ್ಲ. ಅವು ಹೊರಗೆ ಕಸದ ಡಬ್ಬದಲ್ಲಿದ್ದವು.

“ಕಸ ಅಂತ ಬರ್ದಿತ್ತಲ್ರೀ,” ಎಂದರು ಧಾರವಾಡದವರು. “ನಾ ಮುಚ್ಚಳಾ ತಗದು ನೋಡಾಕ ಹೋಗ್ಲಿಲ್ಲ.”

ಎಲ್ಲರೂ ಅವರ ಮೇಲೆ ಹರಿಹಾಯುವಷ್ಟರಲ್ಲಿ ಅತ್ತೆ ಎದ್ದು ನಿಂತರು. “ಅವರನ್ನ ಯಾಕ್ರೀ ಬೈತೀರಿ? ನಮ್ಮ ಸೊಸೆ ಅಷ್ಟೊತ್ತು ಹೇಳಿದ್ದು ಅದನ್ನೇ ಅಲ್ವಾ? ಯಂತ್ರ ಒಳಗೇನಿದೆ ಅಂತ ನೋಡಲ್ಲ, ಚೀಟಿ ನೋಡತ್ತೆ. ತಪ್ಪೆಲ್ಲ ವೈರಸ್ಸಿಂದು.”

ನನಗೆ ಕಣ್ಣು ತುಂಬಿ ಬಂತು. ಹಾಲಿಗೆ ಹಾಲೇ ಖಜಾಂಚಿ ಅಂಕಲ್ ಕಡೆ ತಿರುಗಿತು.

ಕಾರ್ಯದರ್ಶಿ ಪಿಜ್ಜಾ ತರಲು ಕಾರಿನ ಕೀ ಎತ್ತಿಕೊಂಡರು. “ಎಲ್ಲರಿಗೂ ಚೆನ್ನಾಗಿ ಅರ್ಥ ಆಯ್ತು ಮೇಡಂ,” ಎಂದರು. “ಮುಂದಿನ ಸಲ ಊಟ ಆದ್ಮೇಲೆ ಅರ್ಥ ಮಾಡಿಸಿ.”