ಎದುರುಮನೆಯ ಲಾನ್

ನಾನು ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಈ ಮಾತನ್ನು ಹೆಂಡತಿಯ ಎದುರು ಹೇಳುವ ಧೈರ್ಯವಿಲ್ಲದ್ದರಿಂದ ನಿಮ್ಮೆದುರು ಹೇಳುತ್ತಿದ್ದೇನೆ.

ಶ್ರೀನಿವಾಸಪುರದ ನಮ್ಮ ಬೀದಿಯಲ್ಲಿ ನಮ್ಮ ಮನೆಯೂ ಮಾವಿನ ಮಂಡಿ ಮುರಳಿಮೋಹನರ ಮನೆಯೂ ಎದುರುಬದುರು. ಹದಿನಾಲ್ಕು ವರ್ಷ ಎರಡೂ ಒಂದರ ಮುಖ ಒಂದು ನೋಡಿಕೊಂಡು ಸುಖವಾಗಿದ್ದವು. ಅವರ ಮನೆ ಮುಂದೆ ಬೋಳು ಸಿಮೆಂಟು. ನಮ್ಮ ಮನೆ ಮುಂದೆ ಒಂದು ದಾಸವಾಳ, ಒಂದು ಬಟ್ಟೆ ಒಗೆಯುವ ಕಲ್ಲು, ಒಂದು ತಂತಿ. ಸೌಂದರ್ಯದಲ್ಲಿ ಇಬ್ಬರೂ ಸಮಾನ ಬಡವರು.

ಹೋದ ವರ್ಷ ಯುಗಾದಿ ಮುಗಿದ ಮೇಲೆ ಮುರಳಿಮೋಹನ್ ಮಾಲೂರಿನಿಂದ ಕದಿರೇಶ ಎಂಬುವನನ್ನು ಕರೆಸಿ ಸಿಮೆಂಟು ಒಡೆಸಿ ಲಾನ್ ಹಾಸಿಸಿದರು. ಎರಡು ಪಾಮ್ ಗಿಡ, ಸುತ್ತ ಬಿಳಿ ಕಲ್ಲು, ಒಂದು ಕಲ್ಲುಬೆಂಚು. ಅಂದಿನಿಂದ ನನ್ನ ನೆಮ್ಮದಿ ಹೋಯಿತು. ನನ್ನ ಹೆಂಡತಿ ಭಾರತಮ್ಮ ಸಂಜೆಯಾದರೆ ನಮ್ಮ ಜಗಲಿಯ ಮೇಲೆ ಕಾಫಿ ಹಿಡಿದು ಕೂತು ಎದುರುಮನೆಯ ದರ್ಶನ ಪಡೆಯತೊಡಗಿದಳು.

"ನೋಡ್ರಿ, ಕಣ್ಣಿಗೆ ಎಷ್ಟು ತಂಪಾಗಿದೆ. ಆ ಗಂಗಾಲಕ್ಷ್ಮಿ ಪುಣ್ಯ ಮಾಡಿದ್ಲು."

ಗಂಗಾಲಕ್ಷ್ಮಿ ಎಂದರೆ ಮುರಳಿಮೋಹನರ ಹೆಂಡತಿ. (ಪುಣ್ಯ ಅಂದರೆ ಗಂಡ ಎಂದು ಬಿಡಿಸಿ ಹೇಳಬೇಕಾಗಿಲ್ಲ.) ರೇಷ್ಮೆ ಇಲಾಖೆಯಲ್ಲಿದ್ದ ನಾನು ಹಿಪ್ಪುನೇರಳೆ ಬಿಟ್ಟರೆ ಬೇರೆ ಗಿಡವನ್ನು ಗಿಡವೆಂದು ಗಣಿಸಿದವನಲ್ಲ. ಈಗ ಆ ಎರಡು ಪಾಮ್ ಗಿಡಗಳು ನನ್ನ ಎದೆಯಲ್ಲೇ ಬೇರು ಬಿಟ್ಟಂತಾಯಿತು. ಬೀದಿಯಲ್ಲಿ ಹೋಗುವವರು ನಿಂತು ನೋಡುವಾಗ ಬೆನ್ನು ನಮ್ಮ ಮನೆಗೆ. ವಕ್ಕಲೇರಿಯಿಂದ ಬಂದ ನನ್ನ ಚಿಕ್ಕಪ್ಪನ ಮಗ ಅವರ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು, 'ವೇಣುಗೋಪಾಲಣ್ಣನ ಮನೆಗೆ ಬಂದಾಗ' ಎಂದು ಬರೆದು ನೆಂಟರಿಗೆಲ್ಲ ಕಳಿಸಿದ. ಅಂದು ನಾನು ಊಟ ಮಾಡಲಿಲ್ಲ. (ತಿಂಡಿ ತಡವಾಗಿ ತಿಂದಿದ್ದೆ, ಅದು ಬೇರೆ ಮಾತು.)

ಒಂದು ವರ್ಷ ಸಹಿಸಿದೆ. ಈ ಏಪ್ರಿಲಿನಲ್ಲಿ ಕದಿರೇಶನಿಗೇ ಫೋನ್ ಮಾಡಿದೆ.

"ಅವ್ರದಕ್ಕಿಂತ ಚೆನ್ನಾಗಿರ್ಬೇಕು."

"ಅವರದೂ ನಾನೇ ಮಾಡಿದ್ದಲ್ವಾ ಸಾರ್. ನನ್ನನ್ನ ನಾನೇ ಸೋಲಿಸ್ಕೊಬೇಕು ಅಂತೀರ."

"ಸೋತ್ಕೊಳಪ್ಪ."

ಅವನು ಬಂದು ಮೊದಲು ದಾಸವಾಳಕ್ಕೆ ಗುದ್ದಲಿ ಇಟ್ಟ. ಭಾರತಮ್ಮ ಹೊರಗೆ ಬಂದಳು.

"ಅದನ್ನ ಕಿತ್ರೆ ದೇವ್ರಿಗೆ ಏನಿಡ್ಲಿ? ಹುಲ್ಲಾ?"

"ಗರಿಕೆ ಅಂದ್ಕೊಂಡು ಇಡು."

"ಬಟ್ಟೆ ಎಲ್ಲಿ ಒಗೀಲಿ?"

"ಹಿತ್ತಲಲ್ಲಿ. ನಿನ್ನ ಕಣ್ಣು ತಂಪಾಗ್ಲಿ ಅಂತಾನೇ ಕಣೇ ಇದೆಲ್ಲ."

"ನನ್ನ ಕಣ್ಣು ಈಗ್ಲೂ ತಂಪಾಗೇ ಇದೆಯಲ್ಲ," ಎಂದು ಅವಳು ಎದುರುಮನೆ ತೋರಿಸಿದಳು. ಆ ಮಾತನ್ನು ನಾನು ಅಂದೇ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಹದಿನೈದು ದಿನದಲ್ಲಿ ನಮ್ಮ ಉದ್ಯಾನ ಸಿದ್ಧವಾಯಿತು. ಅವರದು ಎರಡು ಪಾಮ್, ನಮ್ಮದು ನಾಲ್ಕು. ಜತೆಗೆ ಒಂದು ಓರೆ ಗಡಿಗೆ. ಅದರ ಬಾಯಿಂದ ಮೋಟಾರಿನ ಕೃಪೆಯಿಂದ ನೀರು ಸದಾ ಸುರಿಯುತ್ತದೆ. ನಲ್ಲಿ ನೀರಿಗೆ ಕೊಡ ಹಿಡಿದು ಕಾಯುವ ನಮ್ಮ ಬೀದಿಯಲ್ಲಿ ಇದಕ್ಕಿಂತ ದೊಡ್ಡ ವೈಭವ ಉಂಟೆ? ಹುಲ್ಲು ಬೇರೂರುವವರೆಗೆ ಯಾರೂ ತುಳಿಯಬಾರದೆಂದು ಕದಿರೇಶ ಆಜ್ಞೆ ಮಾಡಿದ್ದರಿಂದ ಮನೆಯ ಯಜಮಾನನಾದ ನಾನು ಹಿತ್ತಲ ಬಾಗಿಲಿನಿಂದ ಓಡಾಡಿದೆ. ಹೋಗುವಾಗೊಮ್ಮೆ ಬರುವಾಗೊಮ್ಮೆ ಒಗೆಯುವ ಕಲ್ಲಿಗೆ ಎಡವಿದೆ. ಗೆಲ್ಲುವವನಿಗೆ ಇದೆಲ್ಲ ಲೆಕ್ಕವಲ್ಲ.

ಇನ್ನು ಮುರಳಿಮೋಹನರ ಮುಖ ಬಾಡುವುದನ್ನು ನೋಡಬೇಕಿತ್ತು. ಬೆಳಗ್ಗೆ ಅವರು ಬೆಂಚಿನ ಮೇಲೆ ಪೇಪರ್ ಹಿಡಿದು ಕೂತರೆ ನಾನು ಕಿಟಕಿ ಪರದೆಯ ಹಿಂದೆ ನಿಲ್ಲುತ್ತಿದ್ದೆ. ಅವರು ಪೇಪರ್ ಮಡಚಿ ನಮ್ಮ ಗಡಿಗೆಯನ್ನೇ ನೋಡುತ್ತಿದ್ದರು. ಮುಖ ಬಾಡಲಿಲ್ಲ. ಮೂರು ದಿನಕ್ಕೆ ಇನ್ನಷ್ಟು ದುಂಡಗಾಯಿತು. ನಾಲ್ಕನೆಯ ದಿನ ರಸ್ತೆ ದಾಟಿ ಬಂದರು.

"ವೇಣುಗೋಪಾಲ್ ಸಾರ್, ಚಾಲಾ ಬಾಗುಂದಿ. ತುಂಬಾ ಚೆನ್ನಾಗಿದೆ."

"ನಿಮ್ಮದರ ಮುಂದೆ ಇದೇನು ಬಿಡಿ," ಎಂದೆ. (ಈ ವಿನಯವನ್ನು ಕನ್ನಡಿ ಮುಂದೆ ಎರಡು ದಿನ ಅಭ್ಯಾಸ ಮಾಡಿದ್ದೆ.)

"ನಮ್ಮದಾ? ಅದನ್ನ ನಾವ್ ಎಲ್ಲಿ ನೋಡಿದ್ವಿ ಸಾರ್. ಬೆಂಚ್ ಮೇಲೆ ಕೂತ್ರೆ ಲಾನ್ ಕಾಲ್ ಕೆಳಗಿರುತ್ತೆ, ಪಾಮ್ ಎರಡೂ ಪಕ್ಕಕ್ಕಿರ್ತವೆ. ಕಣ್ಣಿಗೆ ಬೀಳ್ತಿದ್ದದ್ದು ನಿಮ್ಮ ಒಗೆಯೋ ಕಲ್ಲು, ನಿಮ್ಮ ಬನೀನು. ಮಾಡ್ಸಿದ್ದು ನಾವು, ಜಗಲಿ ಮೇಲೆ ಆರಾಮಾಗಿ ಕೂತು ನೋಡೋದು ನೀವು. ನಮ್ಮನೇವ್ಳದು ಒಂದು ವರ್ಷದಿಂದ ಇದೇ ಹಾಡು. ನಿಜ ಹೇಳ್ತೀನಿ, ನಿಮ್ಮನ್ನ ಕಂಡ್ರೆ ಹೊಟ್ಟೆ ಉರೀತಿತ್ತು."

ನಾನು ದಂಗಾದೆ. ಒಂದಿಡೀ ವರ್ಷ ಈ ಮನುಷ್ಯ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಾನೆ, ನನಗೆ ಸುದ್ದಿಯೇ ಇಲ್ಲ. ಬನೀನು ತೊಟ್ಟು ಜಗಲಿಯ ಮೇಲೆ ಮಹಾರಾಜನಂತೆ ಅನುಭವಿಸಬೇಕಾಗಿದ್ದ ವರ್ಷ. ಅದನ್ನು ನಾನು ಉರಿದುಕೊಂಡು ಕಳೆದಿದ್ದೆ.

"ಈಗ ನಮ್ಗೂ ನೋಡೋಕೆ ಒಂದಾಯ್ತು," ಎಂದು ಅವರು ನನ್ನ ಕೈ ಕುಲುಕಿದರು. "ಇನ್ನು ನಮ್ಮದು ಯಾಕೆ? ಸೀಸನ್ ಬಂತು, ಕ್ರೇಟ್ ಇಡೋಕೆ ಜಾಗ ಇಲ್ಲ."

ಮುಂದಿನ ಭಾನುವಾರ ಅವರ ಲಾನನ್ನು ಆಳುಗಳು ಚಾಪೆಯಂತೆ ಸುತ್ತಿ ಕೊಂಡೊಯ್ದರು. ಪಾಮ್ ಗಿಡಗಳು ಅವರ ಬೀಗರ ಮನೆಗೆ ಹೋದವು. ಆ ಜಾಗದಲ್ಲಿ ತಲೆಮಟ್ಟಕ್ಕೆ ಪ್ಲಾಸ್ಟಿಕ್ ಕ್ರೇಟು, ಮೇಲೆ ಹರಿದ ಟಾರ್ಪಾಲು, ಪಕ್ಕದಲ್ಲಿ ಕೊಳೆತ ಮಾವಿನ ರಾಶಿ, ಅದರ ಮೇಲೆ ಇಡೀ ತಾಲ್ಲೂಕಿನ ನೊಣ. ಬೆಂಚೊಂದನ್ನು ಮಾತ್ರ ಗೇಟಿನ ಹೊರಗೆ, ನಮ್ಮ ಮನೆಗೆ ಮುಖ ಮಾಡಿ ಹಾಕಿಸಿಕೊಂಡರು.

ಈಗ ಭಾರತಮ್ಮ ಸಂಜೆ ಕಾಫಿ ಲೋಟ ಹಿಡಿದು ರಸ್ತೆ ದಾಟುತ್ತಾಳೆ.

"ನಮ್ಮ ಜಗಲಿ ಮೇಲೆ ಕೂರೋಕೆ ಏನು?" ಎಂದು ಕೇಳಿದ್ದೆ.

"ಅಲ್ಲಿಂದ ಏನ್ ಕಾಣುತ್ತೆ, ಗಡಿಗೆ ಬೆನ್ನು."

ನಿನ್ನೆಯೂ ಗಂಗಾಲಕ್ಷ್ಮಿಯ ಜತೆ ಆ ಬೆಂಚಿನ ಮೇಲೆ ಕೂತಿದ್ದಳು. ಮುರಳಿಮೋಹನ್ ಕಡಲೆಕಾಯಿ ಸುಲಿದು ಇಬ್ಬರಿಗೂ ಕೊಡುತ್ತಿದ್ದರು. ನಾನು ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತ ಮೂವರನ್ನೂ ಕದ್ದು ನೋಡುತ್ತಿದ್ದೆ. ಅಷ್ಟರಲ್ಲಿ ಭಾರತಮ್ಮ ಕೈಬೀಸಿ ಕರೆದಳು.

"ರೀ."

ಕಡಲೆಕಾಯಿಗೆ ಕರೆದಳೆಂದು ನಾನು ಪೈಪು ಕೆಳಗಿಟ್ಟೆ.

"ಸ್ವಲ್ಪ ಆಚೆ ಸರ್ಕೊಳ್ರಿ. ಗಡಿಗೆಗೆ ಅಡ್ಡ ನಿಂತಿದೀರ."