ಇಳಿಬಿದ್ದ ವಯರು

ನಮ್ಮ ಯಜಮಾನರಿಗೆ ಕಂಪ್ಯೂಟರಿನಲ್ಲಿ ಒಂದಕ್ಷರ ಒತ್ತಲು ಬರುವುದಿಲ್ಲ. ಆದರೂ ಕಲ್ಲೂರಿನಿಂದ ಪೊನ್ಕುಳಿಯವರೆಗೆ ಅವರಷ್ಟು ದೊಡ್ಡ ಕಂಪ್ಯೂಟರ್ ಹುಚ್ಚರನ್ನು ಯಾರಾದರೂ ತೋರಿಸಿದರೆ ನನ್ನ ಮೂಗುಬೊಟ್ಟು ಬಿಚ್ಚಿ ಕೊಡುತ್ತೇನೆ. ಅವರದು ಕಲಿಯುವ ಹುಚ್ಚಲ್ಲ, ತೋರಿಸುವ ಹುಚ್ಚು. ಅಂಥದೂ ಒಂದಿದೆಯೇ ಎಂದು ಕೇಳುತ್ತೀರಾ? ಇದೆ. ನಮ್ಮ ಮನೆಗೆ ಬನ್ನಿ, ಕಾಲು ತೊಳೆಯುವುದಕ್ಕೂ ಬಿಡದೆ ತೋರಿಸುತ್ತಾರೆ.

ನಾನು ಗುಂಡ್ಲುಪೇಟೆ ಕಡೆಯ ಹೆಣ್ಣು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾಗಿ ಕಾಡು ದಾಟಿ ಈ ಮಲಯಾಳದ ಸೀಮೆಗೆ ಬಂದೆ. ಬರೆದುದರಲ್ಲಿ ತಪ್ಪು ಕಂಡರೆ ಆ ಶಾಲೆಯನ್ನು ಕೇಳಿ. ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಈ ಕಂಪ್ಯೂಟರು ನಮ್ಮ ಮೊಮ್ಮಗಳದು, ಮಗನ ಮಗಳು. ಒಂದೊಂದೇ ಭಾಗ ತರಿಸಿ ತಾನೇ ಕೂಡಿಸಿದಳು. ಪೆಟ್ಟಿಗೆಯ ಒಂದು ಮಗ್ಗುಲು ಗಾಜು. ಒಳಗೆ ಫ್ಯಾನು ತಿರುಗುತ್ತದೆ, ಅದರ ಜೊತೆಗೆ ಬಣ್ಣದ ದೀಪಗಳೂ ತಿರುಗುತ್ತವೆ. ಮೊದಲ ದಿನ ಯಜಮಾನರು ಬಾಗಿಲಲ್ಲೇ ನಿಂತು, "ದೇವರ ಮನೇಲೂ ಇಷ್ಟ್ ದೀಪ ಇಲ್ವಲ್ಲ ಕೂಸೇ, ಇದ್ಯಾವ ದೇವ್ರು?" ಎಂದಿದ್ದರು.

ಫೋನಿನಲ್ಲಿ ಅವಳದೊಂದು ಗುಂಪಿದೆ. ದೇಶ ದೇಶದವರು ಅದರಲ್ಲಿ ತಮ್ಮ ತಮ್ಮ ಕಂಪ್ಯೂಟರ್ ಮೇಜಿನ ಫೋಟೋ ಹಾಕಿ, ಭೇಷ್ ಎನಿಸಿಕೊಳ್ಳುತ್ತಾರೆ. ನನಗೂ ತೋರಿಸಿದಳು. ಒಬ್ಬನ ಮೇಜಿನ ಮೇಲೆ ಬಾಗಿಲಿನಷ್ಟು ಅಗಲದ ಪರದೆ, ಇನ್ನೊಬ್ಬನದರಲ್ಲಿ ನೇರಳೆ ಬಣ್ಣದ ಬೆಳಕು. ಎಲ್ಲೂ ಒಂದು ಲೋಟವಿಲ್ಲ, ಕಾಗದದ ಚೂರಿಲ್ಲ.

"ಇಷ್ಟೆಲ್ಲ ಇಟ್ಕೊಂಡು ಏನ್ ಕೆಲಸ ಮಾಡ್ತಾರೆ ಇವರು?" ಎಂದೆ.

"ಮೇಜು ಒರೆಸೋ ಕೆಲಸ ಅಜ್ಜಿ," ಎಂದಳು.

ಆಮೇಲೆ ಅವಳಿಗೆ ಕೋಳಿಕ್ಕೋಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಘಾಟಿ ಇಳಿದರೆ ಕೋಳಿಕ್ಕೋಡು, ಅದೇನು ಸಮುದ್ರದಾಚೆಯಲ್ಲ. ಆದರೆ ಹಾಸ್ಟೆಲ್ಲಿನಲ್ಲಿ ಅವಳ ಪಾಲಿಗೆ ಇದ್ದದ್ದು ಒಂದು ಮಂಚ ಮತ್ತು ಅರ್ಧ ಬೀರು. ಮೇಜಿಡಲು ಜಾಗವೆಲ್ಲಿ? ಹೊರಡುವ ದಿನ ತಾತನ ಕೈ ಹಿಡಿದು, "ಧೂಳು ಕೂರಬಾರ್ದು ತಾತ. ಭಾನುವಾರ ದೀಪ ಹಾಕಿ ಒಂದ್ ಫೋಟೋ ಕಳ್ಸು, ಗುಂಪಲ್ಲಿ ಹಾಕ್ತೀನಿ," ಎಂದು ಹೇಳಿ ಹೋದಳು.

ಅಷ್ಟೇ. ಆ ದಿನದಿಂದ ನಮ್ಮ ಮನೆಯಲ್ಲಿ ಯಜಮಾನರು ಒಬ್ಬರಲ್ಲ, ಇಬ್ಬರು. ಒಬ್ಬರು ಇವರು, ಇನ್ನೊಂದು ಆ ಮೇಜು.

ಮೊದಲು ಅವರ ಕಣ್ಣು ಬಿದ್ದದ್ದು ಕಾಳುಮೆಣಸಿನ ಮೇಲೆ. ಅಜ್ಜನ ಕಾಲದಿಂದಲೂ ಮನೆಯ ಮುಂದಿನ ಅಂಗಳದಲ್ಲೇ ಮೆಣಸು ಒಣಗುತ್ತಿತ್ತು. ಅದನ್ನು ತುಳಿದು ಬಿಡಿಸುವಾಗ ಏಳುವ ಧೂಳು ಕಿಟಕಿಯಿಂದ ಒಳಗೆ ಬರುತ್ತದಂತೆ. ಚಾಪೆಗಳೆಲ್ಲ ಹಿತ್ತಲಿಗೆ ಹೋದವು. ಹಿತ್ತಲಲ್ಲಿ ಬಿಸಿಲು ಕಡಿಮೆ, ಕೋಳಿ ಜಾಸ್ತಿ. ಸೊಸೆ ದಿನವಿಡೀ ಕೋಳಿ ಅಟ್ಟುತ್ತ, "ಮಾವ, ಕಂಪ್ಯೂಟರ್ನೇ ಹಿತ್ತಲಿಗೆ ಹಾಕಿದ್ರೆ ಆಗ್ತಿರ್ಲಿಲ್ವಾ?" ಎಂದು ಕೇಳಿದಳು. ಸಂಜೆಯವರೆಗೆ ಮಾವ ಅವಳೊಡನೆ ಮಾತಾಡಲಿಲ್ಲ.

ಪೆಟ್ಟಿಗೆಯೊಳಗಿನ ಧೂಳಿಗೆ ಸೈಕಲ್ ಪಂಪು ಬಂತು. ಸೈಕಲ್ಲು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ, ಪಂಪನ್ನು ಮಾತ್ರ ಏತಕ್ಕೆ ಉಳಿಸಿಕೊಂಡಿದ್ದಾರೆಂದು ನನಗೂ ತಿಳಿದಿರಲಿಲ್ಲ. ಮೊಣಕಾಲೂರಿ ಕೂತು ಫ್ಯಾನಿಗೆ ಪುಸ್ ಪುಸ್ ಎಂದು ಗಾಳಿ ಹೊಡೆಯುವುದನ್ನು ನೋಡಿದರೆ ಎಳೆಗೂಸಿನ ಕಣ್ಣಿಗೆ ಬಿದ್ದ ಕಸ ತೆಗೆಯುತ್ತಿದ್ದಾರೆ ಅನ್ನಬೇಕು.

ಆ ಗುಂಪಿನವರು ಮೇಜಿನ ಮೇಲೆ ಪುಟ್ಟ ಗಿಡ ಇಡುತ್ತಾರಂತೆ. ಇವರು ಬಿಟ್ಟಾರೆಯೇ? ತೆಂಗಿನ ಕರಟದಲ್ಲಿ ಮೊಳಕೆ ಬಂದ ಶುಂಠಿ ಊರಿ ಪರದೆಯ ಪಕ್ಕ ಇಟ್ಟರು. ಯಾವುದೋ ದೇಶದವರು ಇದ್ಯಾವ ಚೆಂದದ ಗಿಡ ಎಂದು ಕೇಳಿದ್ದಾಗಿ ಮೊಮ್ಮಗಳು ಹೇಳಿದ್ದೇ ತಡ, ಇವರು ಷರಟು ತೊಟ್ಟು ಚಹದಂಗಡಿಗೆ ಹೊರಟರು.

"ನಮ್ ಶುಂಠಿನ ಜಪಾನ್‌ನೋರು ಮೆಚ್ಕೊಂಡವ್ರೆ."

ಅಂಗಡಿಯವನೂ ಶುಂಠಿ ಬೆಳೆದು ಕೈಸುಟ್ಟುಕೊಂಡವನೇ. ಚಹ ಎತ್ತಿ ಹುಯ್ಯುತ್ತ, "ಮೆಚ್ಕೊಂಡ್ರಾ? ಚೀಲಕ್ಕೆಷ್ಟು ಅಂದ್ರು?" ಎಂದು ಕೇಳಿದನಂತೆ.

ಮದುವೆ ಕರೆಯಲು ಬಂದವರಿಗೂ ಮೊದಲು ಮೇಜಿನ ದರ್ಶನ, ಆಮೇಲೆ ಕಾಫಿ. ಗುಂಡ್ಲುಪೇಟೆ ಕಡೆಯ ಒಬ್ಬ ನೆಂಟ, "ಇದ್ರಲ್ಲಿ ಪಹಣಿ ತೆಗಿಬೋದಾ ಭಾವ?" ಎಂದು ಕೇಳಿಬಿಟ್ಟ. ದೇವಸ್ಥಾನದಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತವನನ್ನು ನೋಡುವ ಹಾಗೆ ಇವರು ಅವನನ್ನು ನೋಡಿದರು. "ಇದು ಕೆಲಸ ಮಾಡೋಕಲ್ಲ, ನೋಡೋಕೆ," ಎಂದರು.

ಇಷ್ಟೊಂದು ಅಚ್ಚುಕಟ್ಟಿನ ಮನುಷ್ಯರು, ಒಂದು ವಿಷಯದಲ್ಲಿ ಮಾತ್ರ ಸೋಲುತ್ತಿದ್ದರು. ಪ್ರತಿ ಭಾನುವಾರದ ಫೋಟೋದಲ್ಲೂ ಒಂದು ವಯರು ಮೇಜಿನಿಂದ ಇಳಿಬಿದ್ದಿರುತ್ತಿತ್ತು. ಆ ಗುಂಪಿನಲ್ಲಿ ವಯರು ಕಾಣುವುದೆಂದರೆ ನಮ್ಮಲ್ಲಿ ಲಂಗ ಸೀರೆಯ ಕೆಳಗೆ ಇಣುಕಿದ ಹಾಗಂತೆ. ಫೋಟೋ ತಲುಪಿದ ಕೂಡಲೇ ಕೋಳಿಕ್ಕೋಡಿನಿಂದ ಫೋನು.

"ತಾತ, ವಯರ್ ಕಾಣ್ತಾ ಅದೆ. ಎಂಥ ವೃತ್ತಿಕೇಡು. ಹಿಂದ್ಗಡೆಯಿಂದ ತಂದು ಕಟ್ಟು ಅಂತ ಎಷ್ಟ್ ಸಲ ಹೇಳೋದು?"

ಚೆನ್ನಾಗಿಲ್ಲದ್ದಕ್ಕೆಲ್ಲ ಅವಳ ಬಾಯಲ್ಲಿ ಶಾಲೆಯ ಮಲಯಾಳದ ಆ ಒಂದೇ ಮಾತು, ವೃತ್ತಿಕೇಡು. ಬೈಗುಳ ವಯರಿನಿಂದ ಹೊರಟು ತಾತನ ಬಿ.ಪಿ. ಮಾತ್ರೆಗೆ ಬರುತ್ತಿತ್ತು, ಅಲ್ಲಿಂದ ಗದ್ದೆಗೆ ಆನೆ ಬಂದಿತ್ತಾ ಎನ್ನುವುದಕ್ಕೆ, ಹಲಸು ಬಿಟ್ಟಿದೆಯಾ ಎನ್ನುವುದಕ್ಕೆ. ಕೊನೆಗೆ ಫೋನು ಬಿಸಿಯಾಗಿ ಇವರು ಕಿವಿ ಬದಲಾಯಿಸುತ್ತಿದ್ದರು. ಉಳಿದ ದಿನಗಳಲ್ಲಿ ಅವಳಿಗೆ ಡ್ಯೂಟಿ, ನಿದ್ದೆ. ಅಮ್ಮನಿಗೆ ಫೋನ್ ಮಾಡಿ "ಊಟ ಆಯ್ತು, ಮಲಗ್ತೀನಿ" ಎಂದರೆ ಮುಗಿಯಿತು.

ಒಂದು ಭಾನುವಾರ ನಾನು ಕಾಫಿ ತೆಗೆದುಕೊಂಡು ಹೋದೆ. ಮೇಜು ಸಿದ್ಧವಾಗಿತ್ತು, ಒಂದು ವಯರೂ ಕಾಣುತ್ತಿರಲಿಲ್ಲ. ಇವರು ಬಗ್ಗಿ ಒಂದನ್ನು ಬೆರಳಲ್ಲಿ ಮೆಲ್ಲಗೆ ಎಳೆದು ಹೊರಗೆ ಬಿಟ್ಟರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಸಾಲದೆನಿಸಿತೇನೋ, ಮದುಮಗಳ ಜಡೆಗೆ ಹೂವು ಸರಿಮಾಡುವ ಹಾಗೆ ಇನ್ನೂ ಸ್ವಲ್ಪ ಎಳೆದರು.

"ಇದೇನ್ರೀ ಮಾಡ್ತಿದ್ದೀರಿ?"

ಬೆಚ್ಚಿಬಿದ್ದರು. ಆಮೇಲೆ ಫೋನನ್ನು ಒರೆಸುತ್ತ, "ಎಲ್ಲ ನೆಟ್ಟಗಿದ್ರೆ ಒಂದ್ ಹೆಬ್ಬೆಟ್ಟಿನ ಚಿತ್ರ ಕಳ್ಸಿ ಸುಮ್ನಾಗ್ತಾಳೆ ಅಮ್ಮೀ. ಒಂದ್ಸಲ ಹಂಗೇ ಆಯ್ತು," ಎಂದರು.

ನಾನು ಕಾಫಿ ಇಟ್ಟು ಬಂದೆ. ಯಾರಿಗೂ ಹೇಳಲಿಲ್ಲ.

ಹೀಗಿರಲು, ಅಡುಗೆಮನೆಯ ಸ್ವಿಚ್ಚು ಸುಟ್ಟಿತೆಂದು ಕರೆಂಟಿನ ಕೆಲಸದವನು ಬಂದ. ಒಳ್ಳೆಯ ಹುಡುಗ. ಇವರಿಲ್ಲದ ಹೊತ್ತಿನಲ್ಲಿ ಮೇಜು ನೋಡಿ ಮರುಗಿ, ವಯರುಗಳನ್ನೆಲ್ಲ ಒಟ್ಟು ಮಾಡಿ, ಒಮ್ಮೆ ಹಾಕಿದರೆ ಮತ್ತೆ ಬಿಚ್ಚದ ಪ್ಲಾಸ್ಟಿಕ್ ಪಟ್ಟಿ ಬಿಗಿದುಬಿಟ್ಟ. "ಇಪ್ಪೋ ಕೊಳ್ಳಾಂ, ಅಲ್ಲೇ ಅಮ್ಮಚ್ಚೀ?" ಎಂದು, ಈಗ ಚೆನ್ನಾಗಿದೆ ಅಲ್ವಾ ಅಂತ, ಅವನ ಮಲಯಾಳದಲ್ಲಿ ಕೇಳಿದ. ಚೆನ್ನಾಗಿಯೇ ಇತ್ತು. ಚೆನ್ನಾಗಿದ್ದದ್ದೇ ತಾಪತ್ರಯ.

ಕತ್ತರಿಸಲು ಹೋದರೆ ವಯರೇ ತುಂಡಾದೀತು ಎಂದು ಇವರಿಗೆ ಭಯ. ಆ ಭಾನುವಾರ ಫೋಟೋ ಹೋಯಿತು. ಹೆಬ್ಬೆಟ್ಟು ಬಂತು. ಇವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ಊಟಕ್ಕೆ ಕರೆದರೆ "ಬಂದೆ" ಎಂದರು, ಬರಲಿಲ್ಲ. ಮರುದಿನ ಕೋಳಿ ಅಂಗಳಕ್ಕೆ ಬಂದು ಕಿಟಕಿಯ ಕೆಳಗೇ ಧೂಳೆಬ್ಬಿಸಿತು. ಅಟ್ಟಲಿಲ್ಲ. ಚಹದಂಗಡಿಯವನು ನನ್ನನ್ನು ದಾರಿಯಲ್ಲಿ ತಡೆದು, "ಎಲ್ಲೋದ್ರಮ್ಮ, ನಿಮ್ ಜಪಾನ್‌ನೋರು ಕಾಣ್ತಾ ಇಲ್ಲ?" ಎಂದ. ನನಗೆ ನಗು ಬರಲಿಲ್ಲ.

ಮುಂದಿನ ಭಾನುವಾರ ಇವರು ಫೋಟೋ ತೆಗೆಯುವ ಗೊಡವೆಗೇ ಹೋಗಲಿಲ್ಲ. ನಾಲ್ಕನೇ ಕ್ಲಾಸಿನವಳಾದರೇನು, ನನಗೂ ಬುದ್ಧಿಯಿದೆ. ಅಡುಗೆಮನೆಯ ಮಿಕ್ಸಿಯನ್ನು ತಂದು ಮೇಜಿನ ಹಿಂದೆ ಮಣೆಯ ಮೇಲೆ ಅಡಗಿಸಿದೆ. ಅದರ ವಯರನ್ನು ಮೇಜಿನ ಅಂಚಿನಿಂದ ಉದ್ದಕ್ಕೆ ಇಳಿಬಿಟ್ಟೆ. ದೀಪ ಹಾಕಿದೆ. ಫೋಟೋದಲ್ಲಿ ನನ್ನ ಬೆರಳೂ ಸ್ವಲ್ಪ ಬಂತು. ಅದನ್ನೇ ಕಳಿಸಿದೆ. ಸೊಸೆ ಚಟ್ನಿಗೆ ಕಾಯಿ ತುರಿದಿಟ್ಟುಕೊಂಡು ಮನೆಯೆಲ್ಲ ಮಿಕ್ಸಿ ಹುಡುಕುತ್ತಿದ್ದಳು.

ಫೋನು ಬಂತು. ನನ್ನ ಕೈಯಲ್ಲೇ ಇತ್ತು, ಎತ್ತಿದೆ.

"ಅಜ್ಜೀ, ಇದು ಮಿಕ್ಸಿ ವಯರ್. ಅರಿಶಿನದ ಕಲೆ ಕಾಣ್ತಾ ಅದೆ. ಅಲ್ಲಿ ಯಾಕ್ ಬಂತು?"

ಏನು ಹೇಳಲಿ? "ಬೇರೆವೆಲ್ಲ ಕಟ್ ಹಾಕ್ಬುಟ್ಟವ್ರೆ ಕೂಸೇ. ತಾತಂಗೆ ಎಳೆಯಕ್ಕೆ ಒಂದೂ ಸಿಗ್ಲಿಲ್ಲ," ಎಂದೆ.

ಆ ಕಡೆ ಮೂಗು ಎಳೆದುಕೊಂಡ ಸದ್ದು.

"ತಾತ ಎಲ್ಲಿ?"

"ಜಗಲೀಲಿ."

"ಹೇಳ್ಬೇಡ. ಈ ವಾರ ಬರ್ತೀನಿ."

ಶುಕ್ರವಾರ ಬಸ್ಸಿಳಿದು ಬಂದಳು. ಬ್ಯಾಗು ಕೆಳಗಿಟ್ಟವಳೇ ಮೇಜಿನ ಕೆಳಗೆ ನುಸುಳಿದಳು. ತಾತ ಜಗಲಿಯಿಂದ ಎದ್ದು ಬರುವಷ್ಟರಲ್ಲಿ ಹೊರಗೆ ಕಾಣುತ್ತಿದ್ದದ್ದು ಅವಳ ಪಾದ ಮಾತ್ರ. ಅವರಿಗೆ ಅಷ್ಟೇ ಸಾಕಾಯಿತು, ಗುರುತು ಹಿಡಿದರು. ಕತ್ತರಿಯ ಟಕ್ ಎಂಬ ಸದ್ದಾಯಿತು. ಒಂದೇ ವಯರು ಬಿಡಿಸಿಕೊಂಡು ಹೊರಬಂದು, ಮೇಜಿನ ಅಂಚಿನಿಂದ ಇಳಿಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಥೇಟ್ ಅವರ ಹಾಗೆಯೇ.

"ಇದನ್ನ ಯಾರೂ ಕಟ್ಟೋ ಹಂಗಿಲ್ಲ," ಎಂದಳು.

ತಾತನಿಗೆ ಕೋಪ ಬಂದಂತಿತ್ತು. "ವೃತ್ತಿಕೇಡಲ್ವಾ?" ಎಂದು ಗೊಣಗಿದರು.

ಭಾನುವಾರ ಹೋದಳು. ಇವತ್ತು ಮತ್ತೆ ಭಾನುವಾರ. ಮೆಣಸು ಹಿತ್ತಲಲ್ಲೇ ಇದೆ, ಸೊಸೆ ಕೋಳಿಗಳ ಜೊತೆಯಲ್ಲಿದ್ದಾಳೆ. ಇವರು ಪಂಪು ಹೊಡೆದು, ಶುಂಠಿಗೆ ನೀರು ಚಿಮುಕಿಸಿ, ಫೋನಿನ ಗಾಜನ್ನು ಪಂಚೆಯ ತುದಿಯಲ್ಲಿ ಒರೆಸುತ್ತ ನಿಂತಿದ್ದರು. ದೀಪ ಇನ್ನೂ ಹಾಕಿರಲಿಲ್ಲ, ಫೋಟೋ ತೆಗೆದಿರಲಿಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನೇ ಹೊಡೆದುಕೊಂಡಿತು.

"ತಾತ, ವಯರ್ ಕಾಣ್ತಾ ಅದೆ."

ಇವರು ವಯರನ್ನು ನೋಡಿದರು, ನನ್ನನ್ನು ನೋಡಿದರು. ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತರು.

"ಹೂಂ ಕೂಸೇ. ಕಟ್ತೀನಿ, ಮುಂದಿನ್ ವಾರ ಕಟ್ತೀನಿ. ನೀನ್ ಹೇಳು."